ಸಣ್ಣ ತಪ್ಪಿಗೆ ಸೆರೆಮನೆಯೂ ಬೇಡ, ಬಿಟ್ಟಿ ಚಾಕರಿಯೂ ಬೇಡ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಈ ಶಿಬಿರದಲ್ಲಿ ಕೂಲಿಯ ಮಾತು, ಬೋನಸ್ಸಿನ ಮಾತು, ಬೆಲೆ ಏರಿಕೆಯ ಮಾತು ನಡೆದಿದೆ. ಈಗ ನಾವು ಎತ್ತಿಕೊಂಡಿರುವುದು ಕೋರ್ಟಿನ ಮಾತು. "ನಾವು ಕಳ್ಳರಲ್ಲ, ಕುಡುಕರಲ್ಲ, ನಮಗೇಕೆ ಶಿಕ್ಷೆಯ ವಿಚಾರ?" ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಯಾವ ದೇಶದಲ್ಲೇ ಆಗಲಿ, ಸೆರೆಮನೆಯ ಬಾಗಿಲಲ್ಲಿ ನಿಂತು ಒಳಗೆ ಹೋಗುವವರ ಮುಖ ನೋಡಿರಿ. ಅಲ್ಲಿ ಕಾಣುವುದು ಕೂಲಿಯವನು, ಹಮಾಲ, ಗಾಡಿ ತಳ್ಳುವವನು, ಭೂಮಿಯಿಲ್ಲದವನು. ಶಿಕ್ಷೆಯ ಪ್ರಶ್ನೆಯೂ ಅನ್ನದ ಪ್ರಶ್ನೆಯೇ. ಅದನ್ನು ವಕೀಲರಿಗೂ ನ್ಯಾಯಾಧೀಶರಿಗೂ ಬಿಟ್ಟುಕೊಟ್ಟು ನಾವು ಸುಮ್ಮನೆ ಕೂರುವಂತಿಲ್ಲ.

ಸರ್ಕಾರದ್ದೇ ಲೆಕ್ಕ ಕೇಳಿರಿ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ ಅಪರಾಧಿಗಳೆಂದು ತೀರ್ಪಾದವರಲ್ಲ. ವಿಚಾರಣೆಗಾಗಿ ಕಾದು ಕುಳಿತವರು. ಎಂದರೆ ನೂರರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಮಂದಿ. ನೂರು ಜನರಿಗಾಗಿ ಕಟ್ಟಿದ ಜಾಗದಲ್ಲಿ ನೂರಾ ಮೂವತ್ತೊಂದು ಜನರನ್ನು ತುಂಬಲಾಗಿತ್ತು. ಇದು ನ್ಯಾಯ ಹಂಚುವ ವ್ಯವಸ್ಥೆಯೋ, ಬಡವರನ್ನು ಪೇರಿಸಿಡುವ ಉಗ್ರಾಣವೋ?

ಒಂದು ತಿಂಗಳ ಸೆರೆ ಎಂದರೆ ಏನು

ನ್ಯಾಯಾಧೀಶರ ಬಾಯಲ್ಲಿ "ಒಂದು ತಿಂಗಳ ಸಾದಾ ಸಜೆ" ಎಂಬುದು ನಾಲ್ಕು ಮಾತು. ದುಡಿಯುವವನ ಮನೆಯಲ್ಲಿ ಅದರ ಅರ್ಥವೇ ಬೇರೆ. ಗಿರಣಿಯಲ್ಲಿ ಬದಲಿ ಕೆಲಸಗಾರನಾಗಿರುವವನು ಒಂದು ತಿಂಗಳು ಗೇಟಿನಲ್ಲಿ ಕಾಣದಿದ್ದರೆ ಅವನ ಪಾಳಿ ಇನ್ನೊಬ್ಬನಿಗೆ ಹೋಯಿತು. ಮನೆ ಬಾಡಿಗೆ ನಿಂತಿತು. ಕಿರಾಣಿ ಅಂಗಡಿಯ ಸಾಲದ ಚೀಟಿ ಉದ್ದವಾಯಿತು. ಆ ಅಂಗಡಿಯವನೂ ನಮ್ಮಂಥವನೇ, ಅವನಿಗೂ ಪೆಟ್ಟು. ಮಗ ಶಾಲೆ ಬಿಟ್ಟು ಹೋಟೆಲಿನಲ್ಲಿ ಲೋಟ ತೊಳೆಯಲು ಹೋದ. ಶಿಕ್ಷೆ ಒಬ್ಬನಿಗೆ, ಉಪವಾಸ ಐವರಿಗೆ. ತಿಂಗಳು ಮುಗಿಸಿ ಹೊರಗೆ ಬರುವಾಗ ಅವನ ಜೊತೆಗೆ ಬರುವುದು ಜೈಲಿನಲ್ಲಿ ಸಿಕ್ಕ ಹಳೆಯ ಕಸುಬುದಾರ ಕಳ್ಳರ ಸ್ನೇಹ. ಹೋಗುವಾಗ ತಪ್ಪು ಮಾಡಿದ ಮನುಷ್ಯ, ಬರುವಾಗ ಕಳ್ಳ.

ಅದೇ ತಪ್ಪಿಗೆ ಜುಲ್ಮಾನೆ ಹಾಕಿದರೂ ಸಮಾನತೆ ಬರುವುದಿಲ್ಲ. "ಐದು ಸಾವಿರ ಜುಲ್ಮಾನೆ, ತಪ್ಪಿದರೆ ಎರಡು ತಿಂಗಳ ಸಜೆ" ಎಂಬ ತೀರ್ಪು ಹಣವಂತನಿಗೆ ಜುಲ್ಮಾನೆ, ಬಡವನಿಗೆ ಸಜೆ. ಮಾಡಿದ ತಪ್ಪು ಒಂದೇ. ಜೇಬು ಬೇರೆಯಾದದ್ದರಿಂದ ಶಿಕ್ಷೆ ಬೇರೆ.

ಹೊಸ ಕಾನೂನು ಕೊಟ್ಟದ್ದೇನು

2024ರ ಜುಲೈ 1ರಿಂದ 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 4ನೆಯ ಕಲಮಿನಲ್ಲಿ ಮರಣದಂಡನೆ, ಆಜೀವ ಸೆರೆವಾಸ, ಸೆರೆವಾಸ, ಆಸ್ತಿ ಮುಟ್ಟುಗೋಲು, ಜುಲ್ಮಾನೆ ಇವುಗಳ ಸಾಲಿಗೆ ಆರನೆಯದಾಗಿ "ಸಮುದಾಯ ಸೇವೆ" ಎಂಬುದು ಸೇರಿದೆ. ಎಂದರೆ ತಪ್ಪಿತಸ್ಥನು ಜೈಲಿಗೆ ಹೋಗದೆ, ಊರಿಗೆ ಉಪಯೋಗವಾಗುವ ಕೆಲಸವನ್ನು ನ್ಯಾಯಾಲಯ ಹೇಳಿದಂತೆ ಮಾಡಿ ಋಣ ತೀರಿಸುವುದು.

ಇದು ಸಿಗುವುದು ಆರು ಬಗೆಯ ಅಪರಾಧಗಳಿಗೆ. ಸರ್ಕಾರಿ ನೌಕರನು ಕಾನೂನಿಗೆ ವಿರುದ್ಧವಾಗಿ ವ್ಯಾಪಾರ ಮಾಡುವುದು, ಘೋಷಣೆ ಹೊರಡಿಸಿದರೂ ನ್ಯಾಯಾಲಯಕ್ಕೆ ಹಾಜರಾಗದಿರುವುದು, ಸರ್ಕಾರಿ ಅಧಿಕಾರಿಯ ಕೈ ಕಟ್ಟುವ ಉದ್ದೇಶದಿಂದ ಆತ್ಮಹತ್ಯೆಗೆ ಯತ್ನಿಸುವುದು, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡುವುದು, ಮಾನನಷ್ಟ. ಕುಡಿತದ ಗಲಾಟೆಗೆ ಹಳೆಯ ಸಂಹಿತೆಯಲ್ಲಿದ್ದದ್ದು ಇಪ್ಪತ್ತನಾಲ್ಕು ಗಂಟೆಯ ಸಜೆ ಅಥವಾ ಹತ್ತು ರೂಪಾಯಿ ಜುಲ್ಮಾನೆ, ಇಲ್ಲವೇ ಎರಡೂ. ಹೊಸದರಲ್ಲಿ ಜುಲ್ಮಾನೆ ಸಾವಿರ ರೂಪಾಯಿಯವರೆಗೆ ಏರಿದೆ, ಜೊತೆಗೆ ಸಮುದಾಯ ಸೇವೆಯ ದಾರಿಯೂ ತೆರೆದಿದೆ.

ಇದನ್ನು ಈಗಿನ ಆಡಳಿತದವರು ತಾವೇ ಕಂಡುಹಿಡಿದಂತೆ ಮಾತನಾಡುತ್ತಾರೆ. ಹಾಗೇನೂ ಇಲ್ಲ. 1978ರಲ್ಲಿ, ಜನತಾ ಸರ್ಕಾರದ ಕಾಲದಲ್ಲಿ, ದಂಡ ಸಂಹಿತೆಯ ತಿದ್ದುಪಡಿ ಮಸೂದೆಯಲ್ಲಿ ಸಮುದಾಯ ಸೇವೆಯ ಮಾತು ಇತ್ತು. ರಾಜ್ಯಸಭೆ ಅದನ್ನು ಒಪ್ಪಿತ್ತು. 1979ರಲ್ಲಿ ಲೋಕಸಭೆ ವಿಸರ್ಜನೆಯಾಗಿ ಮಸೂದೆ ಬಿದ್ದುಹೋಯಿತು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ವಿ. ಎಸ್. ಮಳೀಮಠರ ಸಮಿತಿ 2003ರಲ್ಲಿ, ಜುಲ್ಮಾನೆ ಕಟ್ಟಲಾರದವನನ್ನು ಜೈಲಿಗೆ ಹಾಕುವ ಬದಲು ಸಮುದಾಯ ಸೇವೆ ಮಾಡಿಸಬಹುದೆಂದು ಹೇಳಿತ್ತು. ದಾರಿ ಗೊತ್ತಿತ್ತು, ನಡೆಯಲು ನಲವತ್ತಾರು ವರ್ಷ ಹಿಡಿಯಿತು.

ಹೊರದೇಶಗಳಲ್ಲೂ ಇದರ ಮೂಲ ಬಡವರ ಜುಲ್ಮಾನೆಯಲ್ಲೇ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ಜಿಲ್ಲೆಯಲ್ಲಿ 1966ರಲ್ಲಿ ಇದು ಆರಂಭವಾದದ್ದು, ವಾಹನ ಸಂಚಾರದ ನಿಯಮ ಮುರಿದು ಜುಲ್ಮಾನೆ ಕಟ್ಟಲಾರದೆ ಜೈಲಿಗೆ ಹೋಗಬೇಕಾಗಿದ್ದ ಹೆಂಗಸರಿಗಾಗಿ. ಇಂಗ್ಲೆಂಡಿನಲ್ಲಿ 1970ರಲ್ಲಿ ಇದರ ಶಿಫಾರಸು ಬಂದದ್ದು ಬಾರ್ಬರಾ ವೂಟನ್ ಎಂಬ ಸಮಾಜವಾದಿ ಅರ್ಥಶಾಸ್ತ್ರಜ್ಞೆಯ ಅಧ್ಯಕ್ಷತೆಯ ಸಮಿತಿಯಿಂದ. 1972ರ ಕಾನೂನಿನಲ್ಲಿ ಅದು ಸೇರಿತು. ಅಲ್ಲಿ ಕಾನೂನೇ ಗಂಟೆಗಳ ಲೆಕ್ಕ ಹಾಕಿತು: ನಲವತ್ತು ಗಂಟೆಗೆ ಕಡಿಮೆಯಿಲ್ಲ, ಇನ್ನೂರನಲವತ್ತು ಗಂಟೆಗೆ ಹೆಚ್ಚಿಲ್ಲ. ಈ ಲೆಕ್ಕದ ಮಾತನ್ನು ನೆನಪಿಟ್ಟುಕೊಳ್ಳಿರಿ; ಮುಂದೆ ಮತ್ತೆ ಬರುತ್ತೇವೆ.

ಆದ್ದರಿಂದ ತತ್ತ್ವವನ್ನು ನಾವು ಸ್ವಾಗತಿಸುತ್ತೇವೆ. ಮನುಷ್ಯನನ್ನು ಗೋಡೆಯ ಹಿಂದೆ ಕೊಳೆಯಿಸುವುದಕ್ಕಿಂತ ಅವನ ಕೈಗೆ ಕೆಲಸ ಕೊಟ್ಟು ಊರಿನೊಳಗೇ ಉಳಿಸಿಕೊಳ್ಳುವುದು ಸಮಾಜವಾದಕ್ಕೆ ಹತ್ತಿರವಾದ ಮಾತು. ಆದರೆ ಕಾನೂನಿನ ಪೀಠಿಕೆ ಓದಿ ಚಪ್ಪಾಳೆ ತಟ್ಟುವವರು ನಾವಲ್ಲ. ಒಳಗಿನ ಕಲಮು ಕಲಮನ್ನೂ ತಿರುವಿ ನೋಡಬೇಕು.

ಬೀದಿಯ ಕಳವು, ಗಿರಣಿಯ ಕಳವು

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎಂಬುದು ಗಾದೆ. ಹೊಸ ಕಾನೂನು ಅಡಿಕೆಗೂ ಆನೆಗೂ ವ್ಯತ್ಯಾಸ ಮಾಡಲು ಹೊರಟಿದೆ, ಅಷ್ಟು ಒಳ್ಳೆಯದು. 303ನೆಯ ಕಲಮಿನ ಪ್ರಕಾರ, ಕದ್ದ ಮಾಲಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆಯಿದ್ದು, ಅದು ಅವನ ಮೊದಲ ಅಪರಾಧವಾಗಿದ್ದು, ಮಾಲನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಕ್ಕೆ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ.

ಈಗ ಎರಡು ಸಂಗತಿ ನೋಡಿರಿ. ಒಬ್ಬನು ಸಂತೆಯ ಬಯಲಿನಲ್ಲಿ ಯಾರದೋ ಚೀಲದಿಂದ ಐನೂರು ರೂಪಾಯಿಯ ಕಾಳು ಎತ್ತಿದ. ಇನ್ನೊಬ್ಬನು ಗಿರಣಿಯಲ್ಲಿ ದುಡಿಯುವವನು. ಪಾಳಿ ಬಿಟ್ಟು ಬರುವಾಗ ಐನೂರು ರೂಪಾಯಿಯ ನೂಲನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದ. ಇಬ್ಬರದೂ ಮೊದಲ ತಪ್ಪು, ಇಬ್ಬರದೂ ಐನೂರು. ಮೊದಲಿನವನಿಗೆ ಸಮುದಾಯ ಸೇವೆ. ಎರಡನೆಯವನ ಮೇಲೆ ಬೀಳುವುದು 306ನೆಯ ಕಲಮು: ನೌಕರನು ಯಜಮಾನನ ಸ್ವತ್ತನ್ನು ಕದ್ದರೆ ಏಳು ವರ್ಷದವರೆಗೆ ಸಜೆ, ಮೇಲೆ ಜುಲ್ಮಾನೆ. ಅಲ್ಲಿ ಐದು ಸಾವಿರದ ರಿಯಾಯಿತಿ ಇಲ್ಲ, ಸಮುದಾಯ ಸೇವೆಯ ಮಾತೂ ಇಲ್ಲ. ಇದು 1860ರ ಕಾನೂನಿನ 381ನೆಯ ಕಲಮು. ಬ್ರಿಟಿಷರು ಬರೆದದ್ದನ್ನು ನಂಬರು ಬದಲಿಸಿ ಇಟ್ಟುಕೊಂಡಿದ್ದಾರೆ.

ಅಷ್ಟೇ ಅಲ್ಲ. 305ನೆಯ ಕಲಮು ವಾಸದ ಮನೆಯಲ್ಲಿ, ಅಥವಾ ಮಾಲು ಇಡಲು ಬಳಸುವ ಕಟ್ಟಡದಲ್ಲಿ ಮಾಡಿದ ಕಳವಿಗೂ ಏಳು ವರ್ಷದ ಸಜೆ ಇಟ್ಟಿದೆ. ಅಂಗಡಿ, ಮಳಿಗೆ, ಗೋದಾಮು ಇವೆಲ್ಲ ಮಾಲು ಇಡುವ ಕಟ್ಟಡವಲ್ಲದೆ ಮತ್ತೇನು? ಹಾಗಾದರೆ ಸಮುದಾಯ ಸೇವೆಗೆ ಉಳಿಯುವ ಕಳವು ಎಷ್ಟು? ಬಯಲು, ಬೀದಿ, ಹೊಲ, ಸಂತೆ. ಬಾಗಿಲು ತೆರೆದಿದೆ ಎಂದು ಡಂಗುರ ಹೊಡೆಸಿ, ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಿದ್ದಾರೆ.

ಇನ್ನೊಂದು ಷರತ್ತು: ಬೆಲೆಯನ್ನು ಹಿಂದಕ್ಕೆ ಕೊಡಬೇಕು. ಮಾಲು ಕಳೆದುಕೊಂಡವನಿಗೆ ಅದು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸಿವಿಗೆ ಅಕ್ಕಿ ಕದ್ದು ಬೇಯಿಸಿ ಉಂಡವನು ಯಾವ ಅಕ್ಕಿಯನ್ನು ಹಿಂದಕ್ಕೆ ಕೊಟ್ಟಾನು? ಕೈಯಲ್ಲಿ ದುಡ್ಡಿದ್ದರೆ ಅವನೇಕೆ ಕದಿಯುತ್ತಿದ್ದ? ಒಮ್ಮೆಗೇ ಕೊಡಲಾರದವನಿಗೆ ಕಂತಿನಲ್ಲಿ ಕೊಡುವ ಅವಕಾಶವನ್ನಾದರೂ ಕಾನೂನೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳದಿದ್ದರೆ ಈ ರಿಯಾಯಿತಿಯೂ ಉಳ್ಳವನಿಗೇ ಸೇರುತ್ತದೆ.

ವ್ಯಾಪಾರಿ ಬಂಧುಗಳ ದೂರು

ಇಲ್ಲಿ ಕುಳಿತಿರುವ ಸಣ್ಣ ವ್ಯಾಪಾರಿಗಳು ಕೇಳಬಹುದು: "ಕಳ್ಳನ ಮೇಲೆ ಇಷ್ಟು ಕನಿಕರ ತೋರಿಸುತ್ತೀರಲ್ಲ, ಕಳೆದುಕೊಂಡವರ ಪಾಡೇನು?" ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡಬೇಕು.

ಸಣ್ಣ ವ್ಯಾಪಾರಿಗೆ ಐದು ಸಾವಿರ ಎಂಬುದು ಸಣ್ಣ ಮೊತ್ತವಲ್ಲ. ತಳ್ಳುಗಾಡಿಯಲ್ಲಿ ಹಣ್ಣು ಮಾರುವವಳ ಇಡೀ ಬಂಡವಾಳವೇ ಅಷ್ಟಿರಬಹುದು. ಅದೂ ಬಡ್ಡಿಗೆ ತಂದದ್ದು. ಹೊಸ ಕಾರ್ಯವಿಧಾನದ ಕಾನೂನಿನಲ್ಲಿ, ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪಟ್ಟಿಯಲ್ಲಿ, ಐದು ಸಾವಿರದೊಳಗಿನ ಈ ಕಳವನ್ನು ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಅಪರಾಧಗಳ ಗುಂಪಿಗೆ ಸೇರಿಸಿದ್ದಾರೆ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಇಲ್ಲ. ಗಾಡಿ ಬಿಟ್ಟು ಠಾಣೆಗೆ ಹೋದ ಹೆಂಗಸಿಗೆ "ಕೋರ್ಟಿಗೆ ಹೋಗಮ್ಮ" ಎನ್ನಬಹುದು. ಅವಳು ಒಂದು ದಿನದ ವ್ಯಾಪಾರ ಬಿಟ್ಟು, ವಕೀಲರ ಫೀಸು ಕೊಟ್ಟು, ಮೂರು ಸಾವಿರದ ಮಾಲಿಗಾಗಿ ಕೋರ್ಟು ಹತ್ತುವಳೇ?

ತಪ್ಪಿತಸ್ಥನಿಗೆ ಜೈಲು ತಪ್ಪಿಸುವುದು ಬೇರೆ, ಕಳೆದುಕೊಂಡವನ ದೂರನ್ನು ಕಸದ ಬುಟ್ಟಿಗೆ ಹಾಕುವುದು ಬೇರೆ. ಮೊದಲನೆಯದು ದಯೆ, ಎರಡನೆಯದು ಬೇಜವಾಬ್ದಾರಿ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಟ್ಟರೆ, ಕಾರ್ಮಿಕನಿಗೂ ಸಣ್ಣ ವ್ಯಾಪಾರಿಗೂ ಜಗಳ ಹಚ್ಚಿದಂತಾಗುತ್ತದೆ. ಆ ಜಗಳ ನಮಗೆ ಬೇಡ. ಜೈಲಿಗೆ ಹೋದ ಕಳ್ಳನಿಂದ ವ್ಯಾಪಾರಿಗೆ ಒಂದು ಕಾಸೂ ಬರುವುದಿಲ್ಲ. ಹೊರಗಿದ್ದು ದುಡಿದು ಬೆಲೆ ತೀರಿಸಿದರೆ ಬರುತ್ತದೆ. ಇಬ್ಬರ ಹಿತವೂ ಒಂದೇ ಕಡೆ ಇದೆ.

ಸೇವೆ ಬಿಟ್ಟಿಯಾಗಬಾರದು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಸಮುದಾಯ ಸೇವೆ ಎಂದರೆ ಏನು? ಸುರಕ್ಷಾ ಸಂಹಿತೆಯ 23ನೆಯ ಕಲಮಿನ ವಿವರಣೆ ಹೇಳುವುದಿಷ್ಟು: ಸಮುದಾಯಕ್ಕೆ ಪ್ರಯೋಜನವಾಗುವ, ನ್ಯಾಯಾಲಯ ಶಿಕ್ಷೆಯಾಗಿ ಮಾಡಿಸುವ ಕೆಲಸ; ಅದಕ್ಕೆ ಸಂಬಳವಿಲ್ಲ. ಎಷ್ಟು ಗಂಟೆ? ಹೇಳಿಲ್ಲ. ಎಂಥ ಕೆಲಸ? ಹೇಳಿಲ್ಲ. ಯಾರ ಮೇಲ್ವಿಚಾರಣೆ? ಹೇಳಿಲ್ಲ. ಕೆಲಸದಲ್ಲಿ ಕೈಕಾಲು ಮುರಿದರೆ ಯಾರು ಹೊಣೆ? ಅದೂ ಇಲ್ಲ. ಸೇವೆ ತಪ್ಪಿಸಿದರೆ ಸಜೆ ಎಂಬುದನ್ನು ಮಾತ್ರ ನ್ಯಾಯ ಸಂಹಿತೆಯ 8ನೆಯ ಕಲಮಿನಲ್ಲಿ ಮರೆಯದೆ ಬರೆದಿದ್ದಾರೆ.

ಸಂಬಳವಿಲ್ಲದೆ, ಗಂಟೆಯ ಮಿತಿಯಿಲ್ಲದೆ, ಮೇಲಿನವನು ಹೇಳಿದ ಕೆಲಸ ಮಾಡುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಹಳೆಯ ಹೆಸರೊಂದಿದೆ: ಬಿಟ್ಟಿ ಚಾಕರಿ. ಅದರ ವಿರುದ್ಧ ನಮ್ಮ ಚಳವಳಿ ಹುಟ್ಟಿತು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಶಾಂತವೇರಿ ಗೋಪಾಲಗೌಡರು ಅವರ ಜೊತೆ ನಿಂತರು, ಡಾಕ್ಟರ್ ಲೋಹಿಯಾ ಅಲ್ಲಿಗೆ ಬಂದು ದಸ್ತಗಿರಿಯಾದರು. ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ತೀರ್ಪಾದ ಶಿಕ್ಷೆಯ ಮಾತು ಬೇರೆ ಎಂದು ವಕೀಲರು ವಾದಿಸಬಹುದು. ಸರಿ, ಶಿಕ್ಷೆಯಾದರೆ ಅದಕ್ಕೆ ಅಳತೆ ಇರಲಿ. ಅಳತೆಯಿಲ್ಲದ ಕೊಳಗದಿಂದ ಅಳೆಯುವುದು ಒಡೆಯರ ಕೆಲಸ, ನ್ಯಾಯಾಲಯದ ಕೆಲಸವಲ್ಲ.

ಅಪಾಯ ಎರಡು ಕಡೆಯಿಂದ ಬರುತ್ತದೆ. ಒಂದು, ಸಂಬಳವಿಲ್ಲದ ಕೈಗಳು ಸಿಕ್ಕಿದರೆ ನಗರಸಭೆಗಳೂ ಗುತ್ತಿಗೆದಾರರೂ ಸಂಬಳದ ಕೈಗಳನ್ನು ಬಿಡಿಸಲು ನೋಡುತ್ತಾರೆ. ಶಿಕ್ಷೆಗೊಳಗಾದವನ ಬೆವರು ಪೌರಕಾರ್ಮಿಕನ ಕೂಲಿಯನ್ನು ಇಳಿಸುವ ಆಯುಧವಾಗಬಾರದು. ಎರಡು, ಜಾತಿ. ಯಾರ ಕೈಗೆ ಪೊರಕೆ ಬರುತ್ತದೆ, ಯಾರ ಕೈಗೆ ಗ್ರಂಥಾಲಯದ ಪುಸ್ತಕ ಜೋಡಿಸುವ ಕೆಲಸ ಬರುತ್ತದೆ ಎಂಬುದನ್ನು ಹೆಸರು ನೋಡಿ ತೀರ್ಮಾನಿಸಿದರೆ, ಅದು ನ್ಯಾಯಾಲಯದ ಮೊಹರು ಹೊತ್ತ ಅಸ್ಪೃಶ್ಯತೆ. ಚರಂಡಿ, ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ತಡೆಯುವ ಕಾನೂನು 2013ರಿಂದಲೇ ಇದೆ. ಸೇವೆಯ ಹೆಸರಿನಲ್ಲಿ ಅದು ಹಿಂದಿನ ಬಾಗಿಲಿನಿಂದ ಬರಬಾರದು.

ಸೆರೆಯಾಳನ್ನು ಗೌರವದಿಂದ ದುಡಿಸುವ ಮಾದರಿ ನಮ್ಮ ದೇಶದಲ್ಲೇ ಇತ್ತು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲೊಬ್ಬರಾದ ಸಂಪೂರ್ಣಾನಂದರ ಹೆಸರು ಇಂದಿಗೂ ತೆರೆದ ಸೆರೆಮನೆಗಳ ಜೊತೆ ಸೇರಿಕೊಂಡಿದೆ. 1952ರಲ್ಲಿ ಬನಾರಸ್ಸಿನ ಸಮೀಪ ಚಂದ್ರಪ್ರಭಾ ನದಿಯ ಅಣೆಕಟ್ಟೆಯ ಕೆಲಸಕ್ಕೆ ಸೆರೆಯಾಳುಗಳ ಶಿಬಿರ ಹಾಕಿದಾಗ ಅವರಿಗೆ ಕೂಲಿ ಕೊಡುವ ಪದ್ಧತಿ ಇತ್ತು. 1963ರಲ್ಲಿ ಜಯಪುರದ ಬಳಿ ಸಾಂಗಾನೇರಿನಲ್ಲಿ ಆರಂಭವಾದ ತೆರೆದ ಶಿಬಿರದಲ್ಲಿ ಸೆರೆಯಾಳುಗಳು ಸಂಸಾರದೊಡನೆ ಇದ್ದು, ಹಗಲು ಹೊರಗೆ ಹೋಗಿ ದುಡಿದು ಸಂಜೆ ಹಿಂದಿರುಗುತ್ತಾರೆ. ಕೊಲೆ ಮಾಡಿದವನನ್ನೇ ಇಷ್ಟು ನಂಬಬಹುದಾದರೆ, ನಾಲ್ಕು ತೆಂಗಿನಕಾಯಿ ಕದ್ದವನನ್ನು ನಂಬಲು ಭಯವೇಕೆ?

ಉಳ್ಳವರ ಸೇವೆ, ಇಲ್ಲದವರ ಸಜೆ

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಶ್ರೀಮಂತರ ಮನೆಯ ಹದಿಹರೆಯದ ಹುಡುಗನೊಬ್ಬನ ಕಾರು ಬಡಿದು ಇಬ್ಬರು ಸತ್ತರು. ಬಾಲನ್ಯಾಯ ಮಂಡಳಿಯ ಸದಸ್ಯರು ಅವನಿಗೆ ಅಂದೇ ಜಾಮೀನು ಕೊಟ್ಟು, ಅಪಘಾತದ ಬಗ್ಗೆ ಮುನ್ನೂರು ಪದಗಳ ಪ್ರಬಂಧ ಬರೆಯಲು ಹೇಳಿದರು. ದೇಶವೆಲ್ಲ ಕೂಗೆದ್ದ ಮೇಲೆ ಆ ಆದೇಶ ಬದಲಾಯಿತು. ಅದು ಜಾಮೀನಿನ ಷರತ್ತು, ಶಿಕ್ಷೆಯಲ್ಲ ಎಂಬುದು ನಿಜ. ಆದರೂ ಜನರಿಗೆ ಕಂಡದ್ದೇನು? ಸುಧಾರಣೆಯ ಮೃದು ಮಾತು ಯಾರ ಮನೆಯ ಬಾಗಿಲಿಗೆ ಮೊದಲು ಹೋಗುತ್ತದೆ ಎಂಬುದು.

ಇದರ ಎದುರಿಗೆ 1978ರ ಮೋತಿರಾಮನ ಮೊಕದ್ದಮೆಯನ್ನು ಇಡಿರಿ. ಅವನು ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನು. ಸರ್ವೋಚ್ಚ ನ್ಯಾಯಾಲಯವೇ ಬಿಡುಗಡೆ ಮಾಡಲು ಹೇಳಿದ್ದರೂ ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದರು. ಅಣ್ಣತಮ್ಮಂದಿರಲ್ಲಿ ಒಬ್ಬನು ಹೊಣೆ ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅದನ್ನು ರದ್ದು ಮಾಡಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. 1957ರ ಕೇರಳ ಸರ್ಕಾರದಲ್ಲಿ ಸೆರೆಮನೆಗಳ ಖಾತೆ ನೋಡಿಕೊಂಡಿದ್ದವರು ಅವರು. ಜೈಲಿನ ಒಳಗು ಅವರಿಗೆ ಗೊತ್ತಿತ್ತು.

ಶಿಕ್ಷೆ ಬರುವುದು ತೀರ್ಪಿನ ಮೇಲೆ. ತೀರ್ಪಿಗೆ ಮೊದಲೇ ಜೈಲಿನಲ್ಲಿರುವ ನಾಲ್ಕು ಲಕ್ಷ ಜನರಿಗೆ ಸಮುದಾಯ ಸೇವೆಯಿಂದ ಏನೂ ಆಗುವುದಿಲ್ಲ. ಜಾಮೀನಿನ ಬಾಗಿಲು ತೆರೆಯದೆ ಶಿಕ್ಷೆಯ ಬಾಗಿಲು ಮಾತ್ರ ತೆರೆದರೆ ಅರ್ಧ ನ್ಯಾಯ.

ಚಳವಳಿಗಾರರಿಗೂ ಒಂದು ಎಚ್ಚರಿಕೆ. ಅಧಿಕಾರಿಯ ಕೈ ಕಟ್ಟಲು ಆತ್ಮಹತ್ಯೆಗೆ ಯತ್ನ ಎಂಬ 226ನೆಯ ಕಲಮನ್ನು ಉಪವಾಸ ಮುಷ್ಕರಕ್ಕೆ ಅಂಟಿಸುವುದು ಕಷ್ಟವಲ್ಲ. ಹಳೆಯ 309ನೆಯ ಕಲಮಿನಡಿ ಮಣಿಪುರದ ಇರೋಮ್ ಶರ್ಮಿಳಾ ಅವರ ಉಪವಾಸವನ್ನು 2000ದಿಂದ 2016ರವರೆಗೆ ಅಪರಾಧವೆಂದೇ ನೋಡಲಾಯಿತು. ಹಕ್ಕಿಗಾಗಿ ಉಪವಾಸ ಕುಳಿತವನಿಗೆ ಜೈಲಿನ ಬದಲು ಪೊರಕೆ ಕೊಟ್ಟರೆ ಅದು ಉದಾರತೆಯಲ್ಲ.

ಕೈಯಲ್ಲಿರುವ ಆಯುಧ

ನಿರಾಶರಾಗಬೇಕಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾನೂನು ಇಂದಿಗೂ ಇದೆ. ಮೊದಲ ಬಾರಿ ತಪ್ಪು ಮಾಡಿದವನನ್ನು ಬುದ್ಧಿಹೇಳಿ ಬಿಡಲು ಅದರ 3ನೆಯ ಕಲಮು ನ್ಯಾಯಾಧೀಶರಿಗೆ ಅಧಿಕಾರ ಕೊಡುತ್ತದೆ. ನೌಕರನು ಮಾಡಿದ ಕಳವು, ಎಂದರೆ ಹಳೆಯ 381ನೆಯ ಕಲಮೂ ಅದರಲ್ಲಿ ಹೆಸರಿಸಿದೆ. ಅಷ್ಟೇ ಅಲ್ಲ, ಹೀಗೆ ಬಿಡುಗಡೆಯಾದವನಿಗೆ ತೀರ್ಪಿನ ಕಾರಣದಿಂದ ಯಾವ ಅನರ್ಹತೆಯೂ ತಗಲದೆಂದು 12ನೆಯ ಕಲಮು ಹೇಳುತ್ತದೆ. ಸಮುದಾಯ ಸೇವೆಗೆ ಈ ರಕ್ಷಣೆ ಇಲ್ಲ. ಅದು ಶಿಕ್ಷೆಯಾದ್ದರಿಂದ ಹೆಸರಿಗೆ ಕಳಂಕ ಉಳಿಯುತ್ತದೆ. ಆದ್ದರಿಂದ ನಮ್ಮವರ ಮೇಲೆ ಸಣ್ಣ ಖಟ್ಲೆ ಬಿದ್ದಾಗ ವಕೀಲರನ್ನು ಮೊದಲು ಕೇಳಿರಿ: "1958ರ ಕಾನೂನಿನಡಿ ಅರ್ಜಿ ಹಾಕಿದಿರಾ?" ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ, ಬೇಡುವ ಸಂಕೋಚ ಬೇಡ, ಅದು ಹಕ್ಕು.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಸಮುದಾಯ ಸೇವೆಗೆ ಗಂಟೆಗಳ ಮೇಲ್ಮಿತಿಯನ್ನು ಕಾನೂನೇ ನಿಗದಿ ಮಾಡಲಿ. ದುಡಿಯುವವನಿಗೆ ಅದು ವಾರದ ರಜೆಯ ದಿನವೇ ಇರಲಿ. ಪಾಳಿ ತಪ್ಪಿಸಿ ಕೂಲಿ ಕಳೆಯಬಾರದು. ಅದರ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು. ಕೆಲಸದಲ್ಲಿ ಪೆಟ್ಟಾದರೆ ಸರ್ಕಾರ ಪರಿಹಾರ ಕೊಡಲಿ. ಪೌರಕಾರ್ಮಿಕರ ಸ್ಥಾನದಲ್ಲಿ ಯಾರನ್ನೂ ಬಿಟ್ಟಿ ನಿಲ್ಲಿಸಬಾರದು. ಜಾತಿ ನೋಡಿ ಕೆಲಸ ಹಂಚಬಾರದು. ಐದು ಸಾವಿರದೊಳಗಿನ ಕಳವಾದರೆ ಗಿರಣಿಯ ಕಾರ್ಮಿಕನಿಗೂ ಅಂಗಡಿಯ ಆಳಿಗೂ ಇದೇ ರಿಯಾಯಿತಿ ಸಿಗಲಿ. ಸಣ್ಣ ವ್ಯಾಪಾರಿಯ ದೂರನ್ನು ಠಾಣೆಯಲ್ಲೇ ಬರೆದುಕೊಂಡು, ಕಳೆದ ಬೆಲೆ ಕಂತಿನಲ್ಲಾದರೂ ಅವನ ಕೈ ಸೇರುವಂತಾಗಲಿ.

ಸಂಗಾತಿಗಳೇ, ತಪ್ಪನ್ನು ನಾವು ತಪ್ಪಲ್ಲ ಎನ್ನುತ್ತಿಲ್ಲ. ಬಡವನ ಚೀಲಕ್ಕೆ ಕೈ ಹಾಕಿದ ಬಡವನೂ ತಪ್ಪಿತಸ್ಥನೇ. ಆದರೆ ತಪ್ಪು ಮಾಡಿದ ಕೈಯನ್ನು ಕತ್ತರಿಸಿದರೆ ಸಮಾಜಕ್ಕೆ ಒಂದು ಕೈ ಕಡಿಮೆಯಾಗುತ್ತದೆ; ಅದೇ ಕೈಯಿಂದ ಶಾಲೆಯ ಗೋಡೆಗೆ ಸುಣ್ಣ ಬಳಿಸಿದರೆ, ಕೆರೆಯ ಹೂಳೆತ್ತಿಸಿದರೆ, ಆಸ್ಪತ್ರೆಯ ಅಂಗಳದಲ್ಲಿ ಗಿಡ ನೆಡಿಸಿದರೆ ಊರಿಗೂ ಲಾಭ, ಅವನಿಗೂ ತಲೆಯೆತ್ತಿ ನಡೆಯುವ ದಾರಿ. ಆ ದಾರಿ ಬಡವನಿಗೆ ನಿಜವಾಗಿ ತೆರೆಯಬೇಕಾದರೆ ನಾವು ಕಾನೂನು ಓದಬೇಕು, ಸಂಘದಲ್ಲಿ ಚರ್ಚಿಸಬೇಕು, ಶಾಸಕರನ್ನು ನಿಲ್ಲಿಸಿ ಪ್ರಶ್ನೆ ಕೇಳಬೇಕು. ಮುಂದಿನ ವಾರ ಪ್ರತಿ ಗಿರಣಿಯ ಗೇಟಿನಲ್ಲೂ ಪ್ರತಿ ಸಂತೆಯಲ್ಲೂ ಈ ಬೇಡಿಕೆಗಳ ಮೇಲೆ ಸಹಿ ಸಂಗ್ರಹ ನಡೆಯಲಿ. ಕಾರ್ಮಿಕನ ಸಹಿಯ ಕೆಳಗೇ ವ್ಯಾಪಾರಿಯ ಸಹಿಯೂ ಇರಲಿ.